ಸೋಫಾದ ವಿಷಯದಲ್ಲಿ ಮೂರು ನಿರ್ಣಯ

ಮನುಷ್ಯಕುಲವನ್ನು ಕಾಡುತ್ತ ಬಂದಿರುವ ಮಹಾಪ್ರಶ್ನೆಗಳ ಸಾಲಿನಲ್ಲಿ, ಆತ್ಮ ಇದೆಯೋ ಇಲ್ಲವೋ ಎಂಬುದರ ಪಕ್ಕದಲ್ಲೇ ಒಂದಿಷ್ಟು ಜಾಗ ಮಾಡಿ, ಆ ಮನೆಯ ಮುಂದಿನ ಕೋಣೆಯ ಸೋಫಾ ಇರಬೇಕೋ ಹೋಗಬೇಕೋ ಎಂಬುದನ್ನೂ ಕೂರಿಸಬೇಕು. ಆತ್ಮದ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಅದು ಇತ್ಯರ್ಥವಾಗದೆ ಉಳಿದಿರುವುದು ಸಹಜ. ಸೋಫಾದ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಅದು ಹೋಗಬೇಕು ಎಂದು ಮನೆಮಂದಿಯೆಲ್ಲ ಒಪ್ಪಿದ್ದರು. ಇತ್ಯರ್ಥವಾಗದೆ ಉಳಿದದ್ದು ಅದೇ ಕಾರಣಕ್ಕೆ.

ಸೋಫಾ ಮೂವರು ಕೂರುವಂಥದ್ದು. ಒಂದು ಕಾಲಕ್ಕೆ ಹಸಿರಾಗಿತ್ತು ಎನ್ನುವುದಕ್ಕೆ ಗೋಡೆಗೆ ಆತುಕೊಂಡಿದ್ದ ಬೆನ್ನು ಮಾತ್ರ ಸಾಕ್ಷಿ. ನಡುವಿನ ಸ್ಪ್ರಿಂಗೊಂದು ಬಟ್ಟೆ ಹರಿದು ತಲೆ ಹೊರಹಾಕಿ, ಬಂದುಹೋಗುವವರನ್ನು ವಿಚಾರಿಸಿಕೊಳ್ಳಲು ಎದ್ದು ನಿಂತಂತಿತ್ತು. ಕಾಲು ಮೂರೇ. ನಾಲ್ಕನೆಯದರ ಜಾಗದಲ್ಲಿ ಅತ್ತೆಯ ಹಳೇ ಕಾನೂನು ಪುಸ್ತಕಗಳ ಅಟ್ಟಿ. ಆ ಕಾನೂನು ರದ್ದಾಗಿ ಎಷ್ಟೋ ಕಾಲವಾಗಿತ್ತು. ಸೋಫಾದ ಕೆಳಗೆ ಮಾತ್ರ ಇನ್ನೂ ಜಾರಿಯಲ್ಲಿತ್ತು.

ಇದನ್ನು ನೋಡಿ ತಲೆ ತಗ್ಗಿಸಬೇಕಾದವಳು ಸೊಸೆ. ಏಕೆಂದರೆ ಅವಳ ಕಸುಬೇ ಕುಶನ್ ಕೆಲಸ. ಕಂಡವರ ಮನೆಯ ಕುರ್ಚಿ, ಸೋಫಾಗಳ ಹೊಟ್ಟೆ ಬಗೆದು, ಸತ್ತ ಸ್ಪ್ರಿಂಗು ಕಿತ್ತು, ಹೊಸ ನಾರು ತುಂಬಿ, ಬಟ್ಟೆ ಎಳೆದು ಮೊಳೆ ಹೊಡೆದರೆ ಮನೆಯವರೇ ಗುರುತು ಹಿಡಿಯಲು ಒದ್ದಾಡುತ್ತಿದ್ದರು. ಮದುವೆಯಾಗಿ ಬಂದ ವಾರದಲ್ಲೇ ದಬ್ಬಣ ಹಿಡಿದುಕೊಂಡು ಸೋಫಾದ ಹತ್ತಿರ ಹೋಗಿದ್ದಳು. ಅತ್ತೆ ಅಡ್ಡಗಟ್ಟಿದ್ದರು.

"ಅದು ವಿಚಾರಣೆಯಲ್ಲಿರೋ ವಸ್ತು ಕಣಮ್ಮ. ಇತ್ಯರ್ಥ ಆಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಯಥಾಸ್ಥಿತಿ!"

ಅತ್ತೆ ವಕೀಲರು. ಮಾವ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಮೇಷ್ಟ್ರು. ಮೈದುನ ಡಾಕ್ಟರು. ಗಂಡ ಹವಾಮಾನ ಕಚೇರಿಯಲ್ಲಿ ರಾತ್ರಿ ಪಾಳಿಯ ಉದ್ಯೋಗಿ. ಮನೆಯಲ್ಲಿ ಅವನನ್ನು ಕರೆಯುವುದೂ 'ಹವಾಮಾನ' ಎಂದೇ. ಊಟ ಹೇಗಿದೆ ಎಂದು ಕೇಳಿದರೂ ಚೆನ್ನಾಗಿರುವ ಸಾಧ್ಯತೆ ಇದೆ ಎನ್ನುವ ಜಾಯಮಾನದವನು. ಅವನಿಂದ ಯಾವ ವಿಷಯದಲ್ಲೂ ಖಚಿತವಾದ ಒಂದು ಮಾತು ಹೊರಡಿಸಿದವರಿಲ್ಲ. ಹಾಗೆಂದು ಕೇಳುವುದನ್ನು ಬಿಟ್ಟವರೂ ಇಲ್ಲ.

ಈ ಮನೆಯಲ್ಲಿ ಯಾವುದನ್ನೂ ಒಬ್ಬರೇ ನಿಶ್ಚಯಿಸುವ ಪದ್ಧತಿ ಇರಲಿಲ್ಲ. ಬಚ್ಚಲಿನ ಬಲ್ಬಿನಿಂದ ಹಿಡಿದು ಸೊಸೆಯನ್ನು ತರುವವರೆಗೆ ಎಲ್ಲವೂ ಊಟದ ಮೇಜಿನ ಮೇಲೆ ಬರಬೇಕು, ಅಲ್ಲಿ 'ನಿರ್ಣಯ' ಆಗಬೇಕು. ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿದ್ದ ಮಾತೂ ಅದೇ. ಉಪ್ಪು ಕೂಡ ಅದರ ನಂತರ.

ಬುಧವಾರ ಸೊಸೆಯ ಕಾಲಡಿಯ ನೆಲ ಕುಸಿಯಿತು. ಅವಳು ಕೆಲಸ ಮಾಡುತ್ತಿದ್ದುದು ಗ್ಯಾರೇಜಿನ ಹಿಂದಿನ ಒಂದು ಬಾಡಿಗೆ ಶೆಡ್ಡಿನಲ್ಲಿ. ಗ್ಯಾರೇಜಿನ ಮೆಕ್ಯಾನಿಕ್ ಬಂದು, ಎಣ್ಣೆಯ ಕೈ ಒರೆಸಿಕೊಳ್ಳುತ್ತ, "ತಂಗೀ, ಬೇಜಾರು ಮಾಡ್ಕೋಬೇಡ. ಸೋಮವಾರ ಹೊಸ ಯಂತ್ರ ಬರುತ್ತೆ. ಭಾನುವಾರದೊಳಗೆ ಜಾಗ ಬಿಟ್ಟುಕೊಡು" ಎಂದ. ಅದೇ ದಿನ ಊರಿನ ನಾಟಕಮಂದಿರದ ಮ್ಯಾನೇಜರು ಫೋನು ಮಾಡಿ, ಮಂದಿರದ ಅಷ್ಟೂ ಕುರ್ಚಿಗಳ ಕೆಲಸ ಅವಳಿಗೇ ಎಂದು ತಿಳಿಸಿದ. "ಆದ್ರೆ ಮುಂದಿನ ವಾರದಿಂದ್ಲೇ ಶುರು ಮಾಡ್ಬೇಕಮ್ಮ. ಜಾಗ ಇದೆ ತಾನೇ? ಇಲ್ಲದಿದ್ರೆ ಬೇರೆಯವರಿಗೆ ಹೇಳ್ತೀನಿ. ಪ್ರೇಕ್ಷಕರು ನಿಂತ್ಕೊಂಡು ಅಳೋದಕ್ಕಾಗಲ್ಲ."

ಇಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಇದೆ ಎಂದುಬಿಟ್ಟಳು. ಹಾಗೆನ್ನುವಾಗ ಅವಳ ಕಣ್ಣಮುಂದೆ ಇದ್ದದ್ದು ಮನೆಯ ಮುಂದಿನ ಕೋಣೆ: ದೊಡ್ಡ ಕಿಟಕಿ, ಬೀದಿಗೆ ತೆರೆದ ಎರಡು ರೆಕ್ಕೆಯ ಬಾಗಿಲು, ಯಾರೂ ಕೂರದ ಸೋಫಾ.

ಸಂಜೆ ಊಟದ ಮೇಜಿನ ಮೇಲೆ ವಿಷಯ ಇಟ್ಟಳು.

"ಒಳ್ಳೇದಾಯ್ತು, ಆ ದರಿದ್ರ ಸೋಫಾ ಹೋಗ್ಲಿ," ಎಂದರು ಅತ್ತೆ.

"ಹೋಗ್ಲಿ," ಎಂದರು ಮಾವ.

"ಹೂಂ ಅತ್ತಿಗೆ, ಎತ್ತಿಬಿಡಿ," ಎಂದ ಮೈದುನ.

ಹವಾಮಾನ ತಲೆಯಾಡಿಸಿದ. ಮೇಲಿನಿಂದ ಕೆಳಕ್ಕೋ ಎಡದಿಂದ ಬಲಕ್ಕೋ ಎಂದು ಯಾರೂ ಗಮನಿಸಲಿಲ್ಲ. ಸೊಸೆ ಆ ರಾತ್ರಿ ಹೊಟ್ಟೆತುಂಬ ಉಂಡಳು.

ಬೆಳಿಗ್ಗೆ ಇಬ್ಬರು ಹಮಾಲರನ್ನು ಕರೆತಂದಳು. ಅವರು ಸೋಫಾದ ಎರಡು ತುದಿ ಹಿಡಿದು ಒಂದು, ಎರಡು ಎನ್ನುವಷ್ಟರಲ್ಲಿ ಅತ್ತೆ ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಳಗಿನಿಂದ ಬಂದರು.

"ಇಳಿಸ್ರಪ್ಪ ಕೆಳಗೆ. ಯಾರು ಎತ್ತೋಕೆ ಹೇಳಿದ್ದು?"

"ನಿನ್ನೆ ನಿರ್ಣಯ ಆಯ್ತಲ್ಲ ಅತ್ತೆ!"

"ನಿನ್ನೆ ಆಗಿದ್ದು ಅಭಿಪ್ರಾಯ. ನಿರ್ಣಯ ಅಂದ್ರೆ ಎರಡು ಕಡೆಯೋರೂ ಬರ್ಬೇಕು, ಇಬ್ಬರ ವಾದಾನೂ ಕೇಳ್ಬೇಕು, ಆಮೇಲೆ ಎಲ್ಲರೆದುರು ಓದಿ ಹೇಳ್ಬೇಕು. ಒಂದ್ಸಲ ಹೇಳಿದ ಮೇಲೆ ತಪ್ಪೋ ಸರಿಯೋ, ಅದೇ ಖಾಯಂ. ನಿನ್ನೆ ಎದುರುದಾರ ಎಲ್ಲಿದ್ದ? ಏಕಪಕ್ಷೀಯ ಆಗುತ್ತೆ ಕಣೇ. ನಾಳೆ ಯಾರಾದ್ರೂ ಪ್ರಶ್ನೆ ಮಾಡಿದ್ರೆ ನನ್ನ ಮುಖ ಎಲ್ಲಿಡ್ಲಿ?"

"ಯಾರು ಪ್ರಶ್ನೆ ಮಾಡ್ತಾರೆ ಅತ್ತೆ? ಎಲ್ಲರೂ ಒಪ್ಪಿದ್ದಾರೆ!"

"ಅದೇ ತೊಂದರೆ," ಎಂದು ಪತ್ರಿಕೆಯ ಹಿಂದಿನಿಂದ ಮಾವನ ದನಿ ಬಂತು. "ನಮ್ಮ ಶಾಸ್ತ್ರದಲ್ಲಿ ಮೊದಲು ಸಂಶಯ ಹುಟ್ಬೇಕಮ್ಮ. ಹೌದೋ ಅಲ್ವೋ ಅಂತ ಒದ್ದಾಡಿ, ಆ ಪಕ್ಷ ಈ ಪಕ್ಷ ಎರಡನ್ನೂ ತಿಕ್ಕಿ, ಕೊನೆಗೆ ಉಳಿಯೋದು ನಿರ್ಣಯ. ಸಂಶಯಾನೇ ಇಲ್ಲದ ಕಡೆ ನಿರ್ಣಯ ಹೇಗೆ ಆಗುತ್ತೆ? ಹಗಲಿದೆ ಅಂತ ಯಾರಾದ್ರೂ ನಿರ್ಣಯ ಮಾಡ್ತಾರಾ? ಸುಮ್ನೆ ನೋಡ್ತಾರೆ ಅಷ್ಟೆ."

ಸೊಸೆ ಕೊನೆಯ ಆಸೆಯಿಂದ ಮೈದುನನ ಕಡೆ ತಿರುಗಿದಳು. ಅವನು ಆಸ್ಪತ್ರೆಗೆ ಹೊರಟು ಬೂಟಿಗೆ ಕಾಲು ತೂರಿಸುತ್ತಿದ್ದ.

"ನಾನು ಹೂಂ ಅಂದಿದ್ದು ನಿನ್ನೆ ರಾತ್ರಿ ಕಂಡದ್ದರ ಮೇಲೆ ಅತ್ತಿಗೆ. ನಿರ್ಣಯ ಅನ್ನೋದು ಆವತ್ತಿನ ಮಟ್ಟಿಗೆ. ಜ್ವರ ನೋಡಿ ಶೀತ ಅಂತೀವಿ, ಮೂರನೇ ದಿನ ಮೈಮೇಲೆ ಗುಳ್ಳೆ ಎದ್ರೆ ಬೇರೇದು ಅಂತೀವಿ. ಅದರಲ್ಲಿ ನಾಚಿಕೆ ಏನು ಬಂತು? ಸೋಫಾನ ಒಂದ್ಸಲ ಸರಿಯಾಗಿ ಪರೀಕ್ಷೆ ಮಾಡದೆ ಹೊರಗೆ ಕಳಿಸೋದು ಸ್ವಲ್ಪ ಆತುರ ಆಯ್ತೇನೋ."

ಅವಳಿಗೆ ಅಂದು ಅರ್ಥವಾಯಿತು. ಒಂದೇ ಮಾತನ್ನು ಮೂವರೂ ಮೂರು ಅಂಗಡಿಯಿಂದ ತಂದಿದ್ದರು. ಒಬ್ಬರಿಗೆ ಅದು ಕಲ್ಲಿನ ಮೇಲೆ ಕೊರೆದದ್ದು, ಒಬ್ಬರಿಗೆ ಜಗಳದ ಫಲ, ಇನ್ನೊಬ್ಬನಿಗೆ ನಾಳೆ ಬೆಳಿಗ್ಗೆ ಮತ್ತೆ ನೋಡೋಣ ಎನ್ನುವ ವಾಯಿದೆ. ಮೂವರೂ ಒಟ್ಟಿಗೆ ಹೌದು ಎಂದರೂ ಮೂರೂ ಅಂಗಡಿಯಲ್ಲಿ ಅದು ಚಲಾವಣೆಯಾಗುವಂತಿರಲಿಲ್ಲ.

"ಅಮ್ಮಾ, ಎತ್ತೋದೋ ಬೇಡ್ವೋ?" ಎಂದು ಹಮಾಲರಲ್ಲಿ ಹಿರಿಯವನು ಕೇಳಿದ.

"ಬೇಡಪ್ಪ. ಇಲ್ಲಿ ಜಗಳ ಸಾಲದಂತೆ. ಜಗಳ ಆದ ಮೇಲೆ ಕರೀತೀನಿ."

"ನಮ್ಮನೇಗೆ ಬನ್ನಿ, ಬೇಕಾದಷ್ಟಿದೆ," ಎಂದು ಅವನು ಹೊರಟುಹೋದ.

ಕುಶನ್ ಕೆಲಸದವರಿಗೆ ಒಂದು ಅಭ್ಯಾಸ. ಬಟ್ಟೆ ಒಂದು ಕಡೆ ಎಳೆದರೆ ಬರದಿದ್ದಾಗ ಜಗ್ಗುವುದಿಲ್ಲ. ಅದರ ನೇಯ್ಗೆ ಯಾವ ಕಡೆ ಓಡುತ್ತದೆ ಎಂದು ನೋಡಿ ಆ ಕಡೆಯಿಂದ ಎಳೆಯುತ್ತಾರೆ. ಈ ಮನೆಯವರಿಗೆ ಬೇಕಾದದ್ದು ಒಬ್ಬ ವಿರೋಧಿ. ಸರಿ, ಒಬ್ಬನನ್ನು ಒದಗಿಸೋಣ. ಪಾಳಿ ಮುಗಿಸಿ ಬಂದು ಕಾಫಿ ಹೀರುತ್ತಿದ್ದ ಗಂಡನ ಎದುರು ಸೊಸೆ ಕೂತಳು.

"ರೀ, ಇವತ್ತು ಸಂಜೆ ನೀವು ನನ್ನ ವಿರುದ್ಧ ಮಾತಾಡ್ಬೇಕು."

"ನಾನಾ?" ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ನಿಂತಿದ್ದಾರೋ ಎಂದು.

"ನೀವೇ. ಸೋಫಾ ಹೋಗಬಾರದು, ಈ ಕೋಣೆ ಇವಳಿಗೆ ಕೊಡಬಾರದು ಅನ್ಬೇಕು. ಒಂದೆರಡು ಕಾರಣ ಕೊಡಿ. ಸೋಲೋ ಅಂಥವು."

"ವಿರೋಧ ಮಾಡೋ ಸಾಧ್ಯತೆ ಅರವತ್ತು ಪರ್ಸೆಂಟ್."

"ನೂರು ಮಾಡ್ರೀ. ನನ್ನ ಕೆಲಸ ನಿಂತಿರೋದು ಅದರ ಮೇಲೆ."

ಸಂಜೆ ಬೇಗ ಊಟ ಮುಗಿಸಿ ಮೇಜು ಒರೆಸಿದ್ದಾಯಿತು. ಅತ್ತೆ ಕನ್ನಡಕ ಏರಿಸಿದರು. ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸೊಸೆ ತನ್ನ ಮಾತು ಮುಗಿಸಿದಳು: ಶೆಡ್ಡು ಹೋಗುತ್ತಿದೆ, ನಾಟಕಮಂದಿರದವರು ಕಾಯುವವರಲ್ಲ, ಕೋಣೆ ಖಾಲಿ ಬಿದ್ದಿದೆ, ಸೋಫಾದ ಮೇಲೆ ಯಾರೂ ಕೂರುವುದಿಲ್ಲ.

"ಎದುರುದಾರರು?" ಎಂದರು ಅತ್ತೆ, ಹೆತ್ತ ಮಗನನ್ನು ಮೊದಲ ಸಲ ನೋಡುವವರಂತೆ.

ಹವಾಮಾನ ಎದ್ದು ನಿಂತ. ಕೂತೇ ಹೇಳಬಹುದಿತ್ತು.

"ಅದು... ಸುತ್ತಿಗೆ ಸದ್ದು ಇರುತ್ತೆ. ನಾನು ಹಗಲು ಮಲಗೋನು. ನೆಲದ ಮೇಲೆ ಮೊಳೆ ಬೀಳುತ್ತೆ. ನಾರಿನ ಧೂಳು." ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಸೊಸೆ ಸಾಕು ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ಮೇಜಿನಂಚನ್ನು ಹಿಡಿದುಕೊಂಡ. "ಮತ್ತೆ, ಯಾರೂ ಕೂರಲ್ಲ ಅನ್ನೋದು ಸುಳ್ಳು. ನಾನು ದಿನಾ ಮಧ್ಯಾಹ್ನ ಆ ಸೋಫಾ ಮೇಲೇ ಮಲಗೋದು. ಸ್ಪ್ರಿಂಗ್ ಎಡಕ್ಕೆ ಬರೋ ಹಾಗೆ ಮಗ್ಗುಲಾದ್ರೆ ಏನೂ ಚುಚ್ಚಲ್ಲ. ಅದು ಹೋಗಬಾರದು. ಇದು ಖಚಿತ."

ಅವನ ಬಾಯಿಂದ ಖಚಿತ ಎಂಬ ಮಾತು ಹೊರಬಿದ್ದದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

"ಭೇಷ್!" ಮಾವ ಮೇಜು ಗುದ್ದಿದರು. "ಈಗ ಹುಟ್ತು ನೋಡಿ ಸಂಶಯ! ನಂಗೂ ಈಗ ಸಂಶಯ ಬಂದಿದೆ!"

"ನೀವು ಸುಮ್ನಿರ್ರೀ," ಎಂದರು ಅತ್ತೆ. ಆದರೆ ಅವರ ಕಣ್ಣಲ್ಲೂ ಹೊಳಪಿತ್ತು. "ವಾದ ಬಲವಾಗಿದೆ. ತೀರ್ಪು ಕಾಯ್ದಿರಿಸ್ತೀನಿ."

"ಕಾಯ್ದಿರಿಸೋಕೆ ಟೈಮ್ ಎಲ್ಲಿದೆ ಅತ್ತೆ? ಭಾನುವಾರ ನಾನು ಬೀದೀಲಿ!"

ಮೈದುನ ನಡುವೆ ಬಂದ. "ಪ್ರಯೋಗ ಮಾಡಿ ನೋಡಿದ್ರಾಯ್ತಪ್ಪ. ಶನಿವಾರ ಎಲ್ಲರೂ ಮನೇಲಿರ್ತೀವಿ. ಅತ್ತಿಗೆ ಆ ಕೋಣೇಲಿ ಕೆಲಸ ಮಾಡ್ಲಿ, ಅಣ್ಣ ಸೋಫಾ ಮೇಲೆ ಮಲಗ್ಲಿ. ಏನಾಗುತ್ತೆ ನೋಡೋಣ."

"ಸ್ಥಳ ಪರಿಶೀಲನೆ. ಅನುಮತಿ ಇದೆ," ಎಂದರು ಅತ್ತೆ.

"ಪ್ರತ್ಯಕ್ಷ ದೃಷ್ಟಾಂತ," ಎಂದರು ಮಾವ.

ಪಾಳಿಗೆ ಹೊರಟ ಗಂಡನನ್ನು ಸೊಸೆ ಮೆಟ್ಟಿಲ ಹತ್ತಿರ ಹಿಡಿದಳು.

"ಸೋಲೋ ಕಾರಣ ಕೊಡಿ ಅಂದ್ರೆ ನಿಜವಾಗ್ಲೂ ವಾದ ಮಾಡಿದ್ರಲ್ಲ! ನಾಟಕ ಆಡಿ ಅಂದಿದ್ದು ನಾನು."

"ಸುಳ್ಳು ಕಾರಣಾನೇ ಹುಡುಕ್ತಿದ್ದೆ ಕಣೆ. ನಿಜವಾದ್ದು ಮೊದಲು ಕೈಗೆ ಸಿಕ್ತು."

"ಇಷ್ಟು ದಿನ ಎಲ್ಲಿಟ್ಟಿದ್ರಿ ಅದನ್ನ?"

"ಯಾರೂ ಕೇಳಿರ್ಲಿಲ್ಲ," ಎಂದವನು ಅಪರೂಪಕ್ಕೆ ಶಿಳ್ಳೆ ಹಾಕುತ್ತ ಬೀದಿಗಿಳಿದ. ಅವಳಿಗೆ ಮೈಯೆಲ್ಲ ಉರಿಯಿತು. ಉರಿಯ ನಡುವೆಯೇ, ಎದ್ದು ನಿಂತು ಮೇಜು ಹಿಡಿದುಕೊಂಡ ಅವನ ಭಂಗಿ ನೆನಪಾಗಿ ನಗೆಯೂ ಬಂತು. ಆಗ ಇನ್ನಷ್ಟು ಉರಿಯಿತು.

ಸೊಸೆ ಕೇಳಿಕೊಂಡದ್ದರಿಂದ ಶನಿವಾರವೇ ನಾಟಕಮಂದಿರದಿಂದ ಕುರ್ಚಿಗಳ ಎರಡು ಸಾಲು ಬಂತು. ಕಬ್ಬಿಣದ ಪಟ್ಟಿಗೆ ಒಟ್ಟಾಗಿ ಜೋಡಿಸಿದ, ಮಡಿಸಿ ಬಿಡಿಸುವ, ಕೆಂಪು ಮಖಮಲ್ಲು ಸವೆದುಹೋದ ಕುರ್ಚಿಗಳು. ಒಂದು ಸಾಲನ್ನು ಸೊಸೆ ಕಿಟಕಿಯ ಬೆಳಕಿಗೆ ಇಟ್ಟುಕೊಂಡಳು. ಇನ್ನೊಂದು ಸಾಲಿನಲ್ಲಿ ಅತ್ತೆ, ಮಾವ, ಮೈದುನ ಬಂದು ಕೂತರು. ಕೂರುವ ಮೊದಲು ಮಾವ ಅಭ್ಯಾಸಬಲದಿಂದ ಕುರ್ಚಿಯ ನಂಬರು ನೋಡಿದರು. ರಾತ್ರಿಯೆಲ್ಲ ಮೋಡ ಕಾದು ಬಂದಿದ್ದ ಹವಾಮಾನ ಚಾದರ ಹೊದ್ದು, ಸ್ಪ್ರಿಂಗನ್ನು ಎಡಕ್ಕೆ ಬಿಟ್ಟು ಮಗ್ಗುಲಾದ.

"ಸಹಜವಾಗಿ ಮಲಗು ಅಣ್ಣ. ನಾವ್ಯಾರೂ ಇಲ್ಲ ಅಂದ್ಕೋ," ಎಂದ ಮೈದುನ, ಕೈಗಡಿಯಾರ ನೋಡುತ್ತ.

"ನೀವು ಇಲ್ಲ ಅಂದ್ಕೊಳ್ಳೋದು ನನ್ನ ಬಹುದಿನದ ಆಸೆ," ಎಂದು ಚಾದರದೊಳಗಿನಿಂದ ಉತ್ತರ ಬಂತು.

ಸೊಸೆ ಹಿಡಿ ತುಂಬ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡಳು. ಕುಶನ್ ಕೆಲಸದವರ ರೀತಿಯೇ ಅದು. ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ, ಬಲಗೈಯಲ್ಲಿ ಸುತ್ತಿಗೆ; ಮೊಳೆ ಎತ್ತಿಕೊಡಲು ಮೂರನೇ ಕೈ ಇಲ್ಲವಾದ್ದರಿಂದ ನಾಲಿಗೆ ಆ ಕೆಲಸ ಮಾಡುತ್ತದೆ. ತುಟಿಯ ತುದಿಗೆ ಒಂದು ಮೊಳೆ ಬರುತ್ತದೆ, ಅಯಸ್ಕಾಂತದ ಸುತ್ತಿಗೆ ಅದನ್ನು ಕಚ್ಚಿಕೊಳ್ಳುತ್ತದೆ, ಟಕ್ಕೆಂದು ಮರಕ್ಕೆ ಇಳಿಯುತ್ತದೆ.

"ಅತ್ತಿಗೆ! ನುಂಗಿದ್ರೆ ನನ್ನ ಹತ್ರ ಬರ್ಬೇಡಿ," ಎಂದು ಡಾಕ್ಟರು ಹೌಹಾರಿದ.

"ಊಂ," ಎಂದಳು ಸೊಸೆ.

"ಎಷ್ಟು ಹೊತ್ತು ಹಿಡಿಯುತ್ತಮ್ಮ ಒಂದು ಕುರ್ಚಿಗೆ?" ಎಂದರು ಮಾವ.

"ಊಂ."

ಟಕ್. ಟಕ್. ಟಕ್. ಮನೆಯೆಲ್ಲ ಮೊಳಗುವಂಥ ಸದ್ದು. ಅತ್ತೆ ಒಂದು ಕಿವಿ ಮುಚ್ಚಿಕೊಂಡರು. ವಿಚಾರಣೆ ನಡೆಯುತ್ತಿದ್ದುದರಿಂದ ಇನ್ನೊಂದನ್ನು ತೆರೆದೇ ಇಟ್ಟರು. ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಸದ್ದಿನ ನಡುನಡುವೆ ಬೇರೊಂದು ಸದ್ದು ಸೇರಿಕೊಂಡಿತು. ಹವಾಮಾನ ಗೊರಕೆ ಹೊಡೆಯುತ್ತಿದ್ದ.

ಒಂದು ಕುರ್ಚಿ ಮುಗಿಯಿತು. ಸೊಸೆ ಕತ್ತರಿಗಾಗಿ ಎದ್ದಳು. ಸುತ್ತಿಗೆ ನಿಂತಿತು. ಗೊರಕೆ ನಿಂತಿತು. ಚಾದರದ ಅಂಚಿನಿಂದ ಒಂದು ಕಣ್ಣು ತೆರೆದು ಅತ್ತಿತ್ತ ನೋಡಿತು. ಅವಳು ಮತ್ತೆ ಕೂತು ಮೊಳೆ ಹೊಡೆಯತೊಡಗಿದಳು. ಕಣ್ಣು ಮುಚ್ಚಿತು, ಗೊರಕೆ ಎದ್ದಿತು. ಎರಡನೇ ಕುರ್ಚಿಯ ಕೊನೆಯಲ್ಲೂ ಹಾಗೆಯೇ ಆಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಪ್ರೇಕ್ಷಕರ ಸಾಲಿನಲ್ಲಿ ಮೂವರೂ ಕುರ್ಚಿಯ ತುದಿಗೆ ಬಂದಿದ್ದರು. ಸೊಸೆ ಅದನ್ನು ಕಂಡಳು. ಕಂಡವಳೇ ಸುತ್ತಿಗೆಯನ್ನು ಎತ್ತಿದ್ದಲ್ಲೇ ತಡೆದಳು.

ಹವಾಮಾನ ಕಣ್ಣು ಬಿಟ್ಟ.

"ನಿರ್ಣಯ ಆಯ್ತು!" ಮೂವರೂ ಒಂದೇ ಕೊರಳಿನಿಂದ ಕೂಗಿದರು. ಮಡಿಸುವ ಕುರ್ಚಿಗಳು ಅವರ ಹಿಂದೆ ಪಟಪಟನೆ ಮುಚ್ಚಿಕೊಂಡವು.

"ಲಕ್ಷಣ ಸ್ಪಷ್ಟವಾಗಿದೆ," ಎಂದ ಮೈದುನ. "ಸದ್ದಿನಿಂದ ತೊಂದರೆ ಇಲ್ಲ. ತೊಂದರೆ ಇರೋದು ಸದ್ದು ನಿಂತಾಗ."

"ಸುತ್ತಿಗೆ ಇದ್ದಾಗ ನಿದ್ದೆ ಇದೆ, ಸುತ್ತಿಗೆ ಇಲ್ಲದಾಗ ನಿದ್ದೆ ಇಲ್ಲ," ಮಾವ ಬೆರಳು ಮಡಿಸಿದರು. "ಎರಡು ಕಡೆಯಿಂದಲೂ ಕೂಡಿಬಂತು. ಸಂಶಯ ನಿವಾರಣೆ!"

"ಎದುರುದಾರನ ನಡವಳಿಕೆಯೇ ಅವನ ವಾದಕ್ಕೆ ವಿರುದ್ಧ," ಎಂದರು ಅತ್ತೆ.

"ನಾನು ನಿದ್ದೆ ಮಾಡ್ಲಿಲ್ಲ," ಹವಾಮಾನ ಎದ್ದು ಕೂತ. "ಕಣ್ಣು ಮುಚ್ಚಿದ್ದೆ ಅಷ್ಟೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಅವನ ಹತ್ತಿರ ಬಂದರು. "ಹೌದಾ? ಹಾಗಾದ್ರೆ ಸ್ವಲ್ಪ ಹೊತ್ತಿನ ಮುಂಚೆ ನಿಮ್ಮಪ್ಪ ಈ ಕುರ್ಚಿಯಿಂದ ಕೆಳಗೆ ಬಿದ್ರಲ್ಲ, ಯಾವ ಕಡೆಗೆ ಬಿದ್ರು?"

"ಎಡಕ್ಕೆ," ಎಂದ ಹವಾಮಾನ, ಒಂದು ಕ್ಷಣ ಯೋಚಿಸಿ.

"ನಿಮ್ಮಪ್ಪ ಬೀಳಲೇ ಇಲ್ಲ."

ಸಾಕ್ಷಿ ತಲೆ ಕೆರೆದುಕೊಂಡ. ಎಲ್ಲರೂ ನಕ್ಕರು. ಸೊಸೆ ಮೊಳೆಗಳನ್ನು ಅಂಗೈಗೆ ಉಗುಳಿ ನಕ್ಕಳು. ಆದರೆ ಅವನು ನಗಲಿಲ್ಲ. ಚಾದರದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತ. ಅದನ್ನು ನೋಡಿ ಅವಳ ನಗೆ ಅರ್ಧಕ್ಕೇ ನಿಂತಿತು. ಗೆದ್ದಾಗಿತ್ತು. ಹಮಾಲರನ್ನು ಕೂಗಿದರೆ ಸಾಕಿತ್ತು.

"ಏನ್ರೀ ವಿಷಯ?" ಎಂದಳು. "ಸದ್ದಲ್ಲ, ಧೂಳಲ್ಲ. ಮತ್ತೇನು?"

ಅವನು ಬೆರಳಿಗೆ ಸುತ್ತಿದ್ದ ಚಾದರವನ್ನು ಬಿಡಿಸಿಕೊಂಡ. "ರಾತ್ರಿಯೆಲ್ಲ ಊರಿನೋರು ಫೋನ್ ಮಾಡಿ ಕೇಳ್ತಾರೆ, ಮಳೆ ಬರುತ್ತಾ, ಬಿಸಿಲು ಬರುತ್ತಾ. ಮನೇಗೆ ಬಂದ್ರೆ ನೀವು ಕೇಳ್ತೀರಿ, ಬಟ್ಟೆ ಒಣಹಾಕಲಾ, ಛತ್ರಿ ಬೇಕಾ. ಮಲಗೋ ಕೋಣೆಗೂ ಬಂದು ಕೇಳ್ತೀರಿ. ಈ ಸೋಫಾ ಹತ್ರ ಮಾತ್ರ ಯಾರೂ ಬರ್ತಿರ್ಲಿಲ್ಲ. ಇಲ್ಲಿ ಮಲಗಿದ್ರೆ ನನ್ನನ್ನ ಯಾರೂ ಏನೂ ಕೇಳಲ್ಲ."

ಬಟ್ಟೆ ಒಣಹಾಕುವ ಪ್ರಶ್ನೆ ದಿನಾ ಕೇಳುತ್ತಿದ್ದವರು ಮಾವ. ಅವರು ಕಿಟಕಿಯಿಂದಾಚೆ ನೋಡತೊಡಗಿದರು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಛತ್ರಿಯ ವಿಷಯ ಅವರದಾಗಿತ್ತು.

ಸೊಸೆ ಸೋಫಾದ ಕೈ ಮೇಲೆ ಕೂತಳು. "ಇದು ಈ ಕೋಣೇಲೇ ಇರ್ಲಿ, ಕಿಟಕಿ ಪಕ್ಕಕ್ಕೆ ಸರಿಸೋಣ. ಕೋಣೆ ಸಾಲುತ್ತೆ. ನೀವು ಇಲ್ಲೇ ಮಲಗಿ. ನಾನು ಏನೂ ಕೇಳಲ್ಲ."

"ಎಲ್ಲರೂ ಹಾಗೇ ಅಂತಾರೆ."

"ಬಾಯ್ತುಂಬ ಮೊಳೆ ಇಟ್ಕೊಂಡೋಳು ಹೇಗ್ರೀ ಕೇಳ್ತಾಳೆ? ಬೆಳಗಿಂದ ಊಂ ಬಿಟ್ಟು ಬೇರೆ ಮಾತಾಡಿದ್ನಾ?"

ಹವಾಮಾನ ಅವಳ ಅಂಗೈಯ ಮೊಳೆಗಳನ್ನು ನೋಡಿದ. ಬಾಯನ್ನು ನೋಡಿದ. ಲೆಕ್ಕ ಹಾಕುತ್ತಿದ್ದ ಹಾಗಿತ್ತು.

"ದಿನಾ ಇಟ್ಕೋತೀಯಾ?"

"ನಾಟಕಮಂದಿರದ ಅಷ್ಟೂ ಕುರ್ಚಿ ಮುಗಿಯೋವರೆಗೂ. ಆಮೇಲೆ ಬೇರೆ ಕುರ್ಚಿ ಬರುತ್ತೆ."

"ಹಾಗಾದ್ರೆ ನನ್ನ ತಕರಾರಿಲ್ಲ," ಎಂದು ಅವನು ಚಾದರ ಎಳೆದುಕೊಂಡು ಮತ್ತೆ ಮಗ್ಗುಲಾದ. "ಹೊಡಿ."

ಮಾವ ಬೆರಳೆತ್ತಿದರು. "ತಕರಾರಿಲ್ಲ ಅಂದ್ರೆ ಮತ್ತೆ ಸಂಶಯ ಇಲ್ಲ, ಸಂಶಯ ಇಲ್ಲ ಅಂದ ಮೇಲೆ..."

"ರೀ," ಎಂದರು ಅತ್ತೆ. "ಇಬ್ಬರ ವಾದ ಕೇಳಿದ್ದಾಗಿದೆ. ಆಮೇಲೆ ಅವರು ರಾಜಿಯಾಗಿದ್ದಾರೆ. ಕೋಣೆ ಸೊಸೆಗೆ, ಸೋಫಾ ಕಿಟಕಿ ಪಕ್ಕಕ್ಕೆ. ಯಥಾಸ್ಥಿತಿ ಆದೇಶ ತೆರವಾಗಿದೆ, ಅದರ ರಿಪೇರೀನೂ ಮಾಡ್ಬಹುದು. ಇದು ಖಾಯಂ."

"ಸದ್ಯಕ್ಕೆ," ಎಂದ ಮೈದುನ. "ತಿಂಗಳು ಬಿಟ್ಟು ಒಂದ್ಸಲ ನೋಡೋಣ."

ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಸೊಸೆ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ಸುತ್ತಿಗೆ ಎತ್ತಿಯಾಗಿತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಸೋಮವಾರದಿಂದ ಸೊಸೆ ಮುಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ಗಂಡ ಅಲ್ಲೇ ಮಲಗುತ್ತಾನೆ.